ನಮ್ಮ ಬಡಾವಣೆಗೆ ಎಷ್ಟು ದಾರಿ?

ಮೊನ್ನೆ ಶಿವಮೊಗ್ಗದಲ್ಲಿ ಒಂದು ಸಭೆಯಲ್ಲಿ ಆಡಿದ ಮಾತು ಇದು. ಕೇಳಿದ ಕೆಲವರು ಬರೆದು ಕೊಡಿ ಅಂದರು. ಮಾತಿನ ಧಾಟಿ ಹಾಗೇ ಇರಲಿ ಅಂತ ಜಾಸ್ತಿ ತಿದ್ದಿಲ್ಲ.

ಎಲ್ಲರೂ ಒಮ್ಮೆ ಫೋನ್ ತೆಗೆಯಿರಿ. ಮ್ಯಾಪಿನಲ್ಲಿ ನಿಮ್ಮ ಮನೆ ಹುಡುಕಿ. ಈಗ ನಿಮ್ಮ ಬಡಾವಣೆಯಿಂದ ಆಚೆ ಹೋಗೋಕೆ ಎಷ್ಟು ದಾರಿ ಇದೆ ಅಂತ ಎಣಿಸಿ. ಸಣ್ಣ ಗಲ್ಲಿ, ಮನೆಗಳ ಹಿಂದಿನ ಕನ್ಸರ್ವೆನ್ಸಿ ಸಂದು, ಕಾಲುದಾರಿ ಎಲ್ಲವನ್ನೂ ಲೆಕ್ಕಕ್ಕೆ ಹಿಡಿಯಿರಿ, ಪರವಾಗಿಲ್ಲ.

(ಇಲ್ಲಿ ಸ್ವಲ್ಪ ಗಲಾಟೆ ಆಯಿತು. ದುರ್ಗಿಗುಡಿ, ತಿಲಕನಗರದ ಕಡೆಯವರು ಎಣಿಸಿ ಎಣಿಸಿ ಬೇಜಾರಾಗಿ ಬಿಟ್ಟುಬಿಟ್ಟರು. ಸವಳಂಗ ರಸ್ತೆ, ಸಾಗರ ರಸ್ತೆ, ಹೊನ್ನಾಳಿ ರಸ್ತೆಯ ಹೊಸ ಲೇಔಟ್‌ನವರು ತಕ್ಷಣ ಕೈ ಎತ್ತಿದರು. ಉತ್ತರ ಒಂದು. ಇನ್ನು ಕೆಲವರದು ಎರಡು.)

ಇವತ್ತಿನ ಮಾತೆಲ್ಲ ಈ ವ್ಯತ್ಯಾಸದ ಬಗ್ಗೆಯೇ. ನಾನು ಸಿವಿಲ್ ಇಂಜಿನಿಯರ್. ಜಮೀನು ಅಳೆಸಿ ಲೇಔಟ್ ನಕ್ಷೆ ಬರೆಯುವುದು ನನ್ನ ಹೊಟ್ಟೆಪಾಡು. ಹಾಗಾಗಿ ಈ ಒಂದೇ ದಾರಿಯ ಬಡಾವಣೆಗಳು ಹೇಗೆ ಹುಟ್ಟುತ್ತವೆ ಅನ್ನುವುದನ್ನು ಒಳಗಿನಿಂದ ನೋಡಿದ್ದೇನೆ.

ಹಳೇ ಊರು ನೋಡಿ. ಕೋಟೆ, ಗಾಂಧಿ ಬಜಾರ್, ಎಲೆ ರೇವಣ್ಣ ಕೇರಿ. ಅಲ್ಲಿ ರಸ್ತೆಗಳು ಕಿರಿದು, ವಕ್ರ, ಒಂದು ಗಾಡಿ ಬಂದರೆ ಇನ್ನೊಂದು ನಿಲ್ಲಬೇಕು. ಅದನ್ನು ಯಾರೂ ಪ್ಲಾನ್ ಮಾಡಿ ಕಟ್ಟಿದ್ದಲ್ಲ ಅಂತ ನಾವು ಬೈಯುತ್ತೇವೆ. ಆದರೆ ಒಂದು ಗಲ್ಲಿಗೆ ನುಗ್ಗಿದರೆ ಎಲ್ಲೋ ಒಂದು ಕಡೆ ಆಚೆ ಬಂದೇ ಬರುತ್ತೇವೆ. ನೆಹರೂ ರಸ್ತೆ ಜಾಮ್ ಆದರೆ ದುರ್ಗಿಗುಡಿ ಕಡೆಯಿಂದ ಹೋಗುತ್ತೇವೆ, ಅದೂ ಜಾಮ್ ಆದರೆ ಮತ್ತೊಂದು ಅಡ್ಡರಸ್ತೆ ಹಿಡಿಯುತ್ತೇವೆ. ಮನೆಗಳ ಹಿಂದಿನ ಕನ್ಸರ್ವೆನ್ಸಿ ಕೂಡ ನಡೆಯುವವರಿಗೆ ದಾರಿಯೇ. ಹೊಸ ಲೇಔಟಿನಲ್ಲಿ ರಸ್ತೆ 30 ಅಡಿ, 40 ಅಡಿ, ನೆಟ್ಟಗೆ ಗೆರೆ ಎಳೆದ ಹಾಗೆ ಇರುತ್ತದೆ. ಚಂದ. ಆದರೆ ಕೊನೆಗೆ ಹೋದರೆ ಕಾಂಪೌಂಡ್ ಗೋಡೆ.

ಜನ ರಸ್ತೆ ಅಂದರೆ ಅಗಲ ನೋಡುತ್ತಾರೆ. ಸೈಟು ಕೊಳ್ಳುವಾಗ ಯಾರನ್ನು ಕೇಳಿದರೂ ಮೊದಲ ಪ್ರಶ್ನೆ 'ರೋಡ್ ಎಷ್ಟು ಅಡಿ?'. ಆ ರೋಡ್ ಎಲ್ಲಿಗೆ ಹೋಗುತ್ತದೆ ಅಂತ ಕೇಳಿದವರನ್ನು ನಾನಂತೂ ಅಪರೂಪಕ್ಕೆ ಕಂಡಿದ್ದೇನೆ.

ಇದನ್ನು ಅಳೆಯೋಕೆ ಒಂದು ಸುಲಭ ಲೆಕ್ಕ ಇದೆ. ರಸ್ತೆಗಳು ಸೇರುವ ಜಾಗಕ್ಕೆ ಗಂಟು ಅನ್ನೋಣ. ನಾಲ್ಕು ರಸ್ತೆ ಕೂಡಿದರೆ ಆ ಗಂಟಿಗೆ 4 ಅಂಕ. ಮೂರು ಕೂಡಿದರೆ 3. ರಸ್ತೆ ಅಲ್ಲಿಗೇ ಮುಗಿದು ಡೆಡ್ ಎಂಡ್ ಆದರೆ 1. ಬರೀ ತಿರುವು ಲೆಕ್ಕಕ್ಕಿಲ್ಲ. ಎಲ್ಲ ಅಂಕ ಕೂಡಿಸಿ ಗಂಟುಗಳ ಸಂಖ್ಯೆಯಿಂದ ಭಾಗಿಸಿದರೆ ಸರಾಸರಿ ಸಿಗುತ್ತದೆ. ಚೌಕಾಬಾರದ ಮನೆಯ ಹಾಗೆ ಪೂರ್ತಿ ಚೌಕ ಚೌಕವಾಗಿರುವ ಊರಿನಲ್ಲಿ ಅದು 4ರ ಹತ್ತಿರ ಇರುತ್ತದೆ.

ಈಗ ನಮ್ಮ ಕಡೆಯ ಮಾಮೂಲಿ ಲೇಔಟ್ ತಗೊಳ್ಳೋಣ. ಹೆದ್ದಾರಿಯಿಂದ ಒಂದು ರಸ್ತೆ ಒಳಗೆ ಬರುತ್ತದೆ. ಅದರ ಒಂದು ಪಕ್ಕಕ್ಕೆ ಐದು ಅಡ್ಡರಸ್ತೆ. ಐದೂ ಗೋಡೆಗೆ ಹೋಗಿ ನಿಲ್ಲುತ್ತವೆ, ಮುಖ್ಯ ರಸ್ತೆಯೂ ಕೊನೆಗೆ ನಿಲ್ಲುತ್ತದೆ. ಹೆದ್ದಾರಿಗೆ ಸೇರುವಲ್ಲಿ 3, ಐದು ಅಡ್ಡರಸ್ತೆ ಶುರುವಾಗುವಲ್ಲಿ 15, ಆರು ಡೆಡ್ ಎಂಡ್‌ಗೆ 6. ಒಟ್ಟು 24, ಗಂಟುಗಳು 12. ಸರಾಸರಿ 2. ಈಗ ಇದೇ ಲೇಔಟಿನ ಹಿಂಭಾಗದಲ್ಲಿ ಒಂದು ರಸ್ತೆ ಹಾಕಿ ಐದು ಅಡ್ಡರಸ್ತೆಗಳ ತುದಿಯನ್ನೂ ಮುಖ್ಯ ರಸ್ತೆಯ ಕೊನೆಯನ್ನೂ ಜೋಡಿಸಿ ನೋಡಿ. ಡೆಡ್ ಎಂಡ್ ಒಂದೂ ಉಳಿಯುವುದಿಲ್ಲ, ಹಿಂದಿನ ರಸ್ತೆಯ ಎರಡು ಮೂಲೆ ಬರೀ ತಿರುವಾಗುತ್ತವೆ. ಗಂಟು 10, ಅಂಕ 30, ಸರಾಸರಿ 3. ಒಂದೇ ಒಂದು ರಸ್ತೆಯಿಂದ ಎರಡು ಇದ್ದದ್ದು ಮೂರಾಯಿತು.

ಆದರೆ ಈ ಲೆಕ್ಕಕ್ಕೂ ಒಂದು ಮಿತಿ ಇದೆ, ಹೇಳಿಬಿಡುತ್ತೇನೆ. ಹಿಂದಿನ ರಸ್ತೆಯ ಮೂಲೆಯಿಂದ ಪಕ್ಕದ ಬಡಾವಣೆಗೆ ಒಂದು ದಾರಿ ಬಿಟ್ಟರೆ ಅಂಕ 33 ಆಗುತ್ತದೆ, ಗಂಟು 11, ಸರಾಸರಿ ಮತ್ತೆ ಅದೇ 3. ಕಾಗದದ ಮೇಲೆ ಏನೂ ಬದಲಾಗಿಲ್ಲ. ಆದರೆ ಆಚೆ ಹೋಗುವ ದಾರಿ ಒಂದಿದ್ದದ್ದು ಎರಡಾಯಿತು, ಅಂದರೆ ಯುಜಿಡಿಗೆ (ಒಳಚರಂಡಿಗೆ) ಮುಂದಿನ ರಸ್ತೆ ಅಗೆದು ವಾರಗಟ್ಟಲೆ ಬಿಟ್ಟರೂ ಆಂಬುಲೆನ್ಸ್ ಒಳಗೆ ಬರುತ್ತದೆ. ಹಾಗಾಗಿ ಸರಾಸರಿ ಒಂದನ್ನೇ ನಂಬಿ ಕೂರಬೇಡಿ. ಗೋಡೆಯಲ್ಲಿ ಎಷ್ಟು ತೂತು ಇದೆ ಅಂತಲೂ ನೋಡಿ.

ಈ ಬಗೆಯ ಲೆಕ್ಕವನ್ನು ಇಡೀ ಪ್ರಪಂಚಕ್ಕೇ ಮಾಡಿದವರಿದ್ದಾರೆ. ಕ್ರಿಸ್ ಬ್ಯಾರಿಂಗ್ಟನ್-ಲೀ ಮತ್ತು ಆಡಂ ಮಿಲ್ಲರ್ಡ್-ಬಾಲ್ ಅಂತ ಇಬ್ಬರು ಸಂಶೋಧಕರು. 2015ರಲ್ಲಿ ಅಮೆರಿಕದ ರಸ್ತೆಗಳ ಲೆಕ್ಕ ಕೊಟ್ಟರು, 2020ರಲ್ಲಿ ಪ್ರಪಂಚದ್ದು. ಓಪನ್‌ಸ್ಟ್ರೀಟ್‌ಮ್ಯಾಪ್ ಅಂತ ಜನರೇ ಸೇರಿ ಬರೆದ ನಕ್ಷೆ ಇದೆಯಲ್ಲ, ಅದನ್ನೂ ಉಪಗ್ರಹದ ಚಿತ್ರಗಳನ್ನೂ ಇಟ್ಟುಕೊಂಡು ಯಾವ ಕಾಲದಲ್ಲಿ ಕಟ್ಟಿದ ಭಾಗ ಎಷ್ಟು ಜೋಡಣೆ ಇರುವಂಥದ್ದು ಅಂತ ನೋಡಿದರು. 1975ರಿಂದ ಈಚೆಗೆ ಪ್ರಪಂಚದ ದೊಡ್ಡ ಭಾಗದಲ್ಲಿ ಹೊಸ ರಸ್ತೆಗಳ ಜೋಡಣೆ ಕಡಿಮೆಯಾಗುತ್ತಲೇ ಬಂದಿದೆ. ಆಗ್ನೇಯ ಏಷ್ಯಾದಲ್ಲಿ ಗೇಟು ಹಾಕಿದ ಬಡಾವಣೆಗಳಿಂದ ಜಾಸ್ತಿಯೇ ಹದಗೆಟ್ಟಿದೆ. ಜಪಾನ್, ದಕ್ಷಿಣ ಅಮೆರಿಕದ ಬಹುಭಾಗ ಇನ್ನೂ ಜೋಡಣೆ ಉಳಿಸಿಕೊಂಡಿವೆ. ನನಗೆ ಆಶ್ಚರ್ಯ ಆಗಿದ್ದು ಅಮೆರಿಕದ ಕಥೆ. ಡೆಡ್ ಎಂಡ್ ಬಡಾವಣೆಯನ್ನು ಫ್ಯಾಷನ್ ಮಾಡಿದ್ದೇ ಅವರು. 1930ರ ದಶಕದಲ್ಲಿ ಅಲ್ಲಿನ ಗೃಹಸಾಲ ಇಲಾಖೆಯೇ ಇಂಥ ನಕ್ಷೆ ಒಳ್ಳೆಯದು ಅಂತ ಶಿಫಾರಸು ಮಾಡಿತ್ತು. ಅಂಥ ಅಮೆರಿಕದಲ್ಲೇ 1994ರ ಸುಮಾರಿಗೆ ಗೆರೆ ತಿರುಗಿ, ಹೊಸ ರಸ್ತೆಗಳ ಜೋಡಣೆ ಮತ್ತೆ ಏರತೊಡಗಿದೆ. ಅವರು ಬಿಟ್ಟು ಹೊರಟ ಅಂಗಿಯನ್ನು ನಾವು ಹೊಸದು ಅಂತ ಹೊಲಿಸಿಕೊಳ್ಳುತ್ತಿದ್ದೇವೆ.

ಈಗ ನಮ್ಮೂರಿಗೆ ಬರೋಣ. 2001ರ ಜನಗಣತಿಯಲ್ಲಿ ಶಿವಮೊಗ್ಗ ನಗರದ ಜನಸಂಖ್ಯೆ 2,74,352. 2011ರಲ್ಲಿ 3,22,650. ಹತ್ತು ವರ್ಷಕ್ಕೆ ಐವತ್ತು ಸಾವಿರ ಕೂಡ ಕೂಡಿಲ್ಲ. ಆದರೆ ಊರು ಹರಡಿರುವುದನ್ನು ನೋಡಿದರೆ ಜನಕ್ಕಿಂತ ಸೈಟೇ ಜಾಸ್ತಿ ಹುಟ್ಟಿದೆಯೇನೋ ಅನ್ನಿಸುತ್ತದೆ. ತುಂಗಾ ನಾಲೆಯ ನೀರು ಕುಡಿಯುತ್ತಿದ್ದ ಗದ್ದೆ, ತೋಟ ಒಂದೊಂದಾಗಿ ಸೈಟಾದವು. 2023ರ ಫೆಬ್ರವರಿಯಲ್ಲಿ ಸೋಗಾನೆಯಲ್ಲಿ ವಿಮಾನ ನಿಲ್ದಾಣ ಉದ್ಘಾಟನೆ ಆಯಿತಲ್ಲ, ಅದರ ಸುತ್ತ 'ಏರ್‌ಪೋರ್ಟ್ ಪಕ್ಕ' ಅನ್ನುವ ಬೋರ್ಡುಗಳನ್ನು ನೀವೇ ನೋಡಿದ್ದೀರಿ. ಪಕ್ಕ ಅಂದರೆ ಎಷ್ಟು ಪಕ್ಕ ಅಂತ ಮಾತ್ರ ಕೇಳಬೇಡಿ.

ನಮ್ಮ ಊರಿಗೆ ಮೊದಲೇ ಮೂರು ಅಡ್ಡಿ ಇವೆ. ಹೊಳೆ, ರೈಲು, ನಾಲೆ. ಬೀರೂರಿನಿಂದ 1899ರಲ್ಲಿ ಬಂದ ರೈಲುಹಳಿ 1940ರಲ್ಲಿ ತಾಳಗುಪ್ಪದವರೆಗೆ ಹೋಯಿತು. ಹಳಿ ಹಾಕಿದಾಗ ಅದು ಊರಾಚೆ ಇತ್ತು, ಈಗ ನಡುಮಧ್ಯ. ಗೇಟು ಬಿದ್ದಾಗ ಕಾದು ಕಾದು ಸಾಕಾಗಿ ಕೊನೆಗೆ ಸವಳಂಗ ರಸ್ತೆಯಲ್ಲಿ, ಕಾಶೀಪುರದಲ್ಲಿ, ವಿದ್ಯಾನಗರದಲ್ಲಿ ಮೇಲ್ಸೇತುವೆ ಬಂದವು. ಇವಕ್ಕೆಲ್ಲ ಕೋಟಿಗಟ್ಟಲೆ ದುಡ್ಡು ಸುರಿಯಬೇಕಾಯಿತು. ದೇವರು ಕೊಟ್ಟ ಹೊಳೆಗೆ, ಬ್ರಿಟಿಷರ ಕಾಲದ ಹಳಿಗೆ ಸೇತುವೆ ಕಟ್ಟುವ ನಾವು, ಅದೇ ವರ್ಷ ಹೊಸ ಲೇಔಟಿನ ಸುತ್ತ ನಾಲ್ಕನೇ ಅಡ್ಡಿಯನ್ನು ಕೈಯಾರೆ ಕಟ್ಟುತ್ತೇವೆ. ಅದೂ ಸೈಜ್ ಕಲ್ಲಿನಲ್ಲಿ.

ಇದು ಯಾಕೆ ಹೀಗಾಗುತ್ತದೆ? ಯಾರೋ ಕೆಟ್ಟವರು ಕೂತು ಮಾಡಿದ್ದಲ್ಲ. ನಮ್ಮ ಕಡೆ ಹಿಡುವಳಿ ಸಣ್ಣವು. ಒಬ್ಬ ರೈತನದು ಎರಡು ಎಕರೆ, ಪಕ್ಕದವನದು ಮೂರು ಎಕರೆ ಹತ್ತು ಗುಂಟೆ. ಒಂದು ಸರ್ವೆ ನಂಬರ್ ಒಮ್ಮೆಗೆ ಲೇಔಟ್ ಆಗುತ್ತದೆ. ಆಗ ಮೂರು ದಿಕ್ಕಿಗೂ ಬೇರೆಯವರ ಗದ್ದೆ. ರಸ್ತೆಯನ್ನು ಗಡಿಯವರೆಗೆ ತಂದು ಬಿಡಿ, ನಾಳೆ ಪಕ್ಕದವರು ಮುಂದುವರಿಸುತ್ತಾರೆ ಅಂತ ನಾನು ಹೇಳಿದರೆ ಜಮೀನಿನವರು ಕೇಳುವುದು ಒಂದೇ ಮಾತು: 'ಸಾರ್, ಅಲ್ಲಿ ಒಂದು 30 ಬೈ 40 ಅಡಿ ಸೈಟ್ ಬರುತ್ತಲ್ಲ?' ಬರುತ್ತದೆ. ಖಂಡಿತ ಬರುತ್ತದೆ. ಈಗಿನ ರೇಟಿಗೆ ಒಂದು ಸೈಟನ್ನು ಇನ್ನೂ ಹುಟ್ಟದ ಬಡಾವಣೆಯ ಜನರಿಗೋಸ್ಕರ ಬಿಟ್ಟುಕೊಡಿ ಅಂತ ಯಾವ ಬಾಯಲ್ಲಿ ಹೇಳಲಿ? ಹಾಗಾಗಿ ರಸ್ತೆಯ ತುದಿಗೆ ಸೈಟು ಬೀಳುತ್ತದೆ. ಎರಡು ವರ್ಷ ಬಿಟ್ಟು ಪಕ್ಕದವರ ಜಮೀನೂ ಲೇಔಟ್ ಆಗುತ್ತದೆ, ಅವರ ರಸ್ತೆಯೂ ಅದೇ ಗೋಡೆಗೆ ಬಂದು ನಿಲ್ಲುತ್ತದೆ. ಗೋಡೆಯ ಎರಡೂ ಕಡೆ ರಸ್ತೆ ಇದೆ, ಮಧ್ಯೆ ಮಾತ್ರ ಇಲ್ಲ.

ಇದಕ್ಕಿಂತ ಜಾಣ ಉಪಾಯವೂ ಇದೆ. ರಸ್ತೆಯನ್ನು ಗಡಿಯವರೆಗೆ ತಂದು, ಕೊನೆಯ ಒಂದಡಿ ಪಟ್ಟಿ ಮಾತ್ರ ತಮ್ಮ ಹೆಸರಿನಲ್ಲೇ ಇಟ್ಟುಕೊಳ್ಳುವುದು. ಪಕ್ಕದವರು ದಾರಿ ಕೇಳಿಕೊಂಡು ಬಂದಾಗ ಆ ಒಂದಡಿಗೆ ಬೆಲೆ ಕಟ್ಟುವುದು. ಇಂಗ್ಲೆಂಡಿನಲ್ಲಿ ಈ ವ್ಯವಹಾರ ಎಷ್ಟು ಹಳೆಯದು ಅಂದರೆ 1961ರಲ್ಲಿ ಕೇಂಬ್ರಿಡ್ಜ್‌ನ ಒಂದು ಪ್ರಕರಣದಲ್ಲಿ, ಹಿಂದಿನ ಜಮೀನಿಗೆ ಹೆಚ್ಚಾಗುವ ಬೆಲೆಯಲ್ಲಿ ಮೂರನೇ ಒಂದು ಪಾಲು ದಾರಿ ಕೊಡುವವನಿಗೆ ಅಂತ ಲೆಕ್ಕ ಹಿಡಿದರು. ಅಲ್ಲಿ ಈಗಲೂ ಆ ಲೆಕ್ಕವನ್ನೇ ಉದಾಹರಿಸುತ್ತಾರೆ.

ಇನ್ನು ರೆವಿನ್ಯೂ ಸೈಟುಗಳ ಮಾತು. ಭೂಪರಿವರ್ತನೆ ಇಲ್ಲ, ನಕ್ಷೆಗೆ ಅನುಮೋದನೆ ಇಲ್ಲ, ಬಿಳಿ ಹಾಳೆಯ ಮೇಲೆ ಗೆರೆ ಎಳೆದು ಮಾರಿದ್ದು. ಅಲ್ಲಿ ಚರಂಡಿಯೇ ಇಲ್ಲದಿರುವಾಗ ರಸ್ತೆ ಜೋಡಣೆ ಯಾರು ಕೇಳುತ್ತಾರೆ, ಬಿಡಿ.

ಒಂದು ಗೋಡೆಯ ಬಗ್ಗೆ ಹೇಳುತ್ತೇನೆ. ಬಡಾವಣೆಯ ಹೆಸರು ಬೇಡ. ಈಚೆ ಕಡೆ ಮನೆಗಳು, ಆಚೆ ಕಡೆ ಹಾಲಿನ ಬೂತು, ಒಂದು ದಿನಸಿ ಅಂಗಡಿ, ಶಾಲೆಯ ವ್ಯಾನ್ ನಿಲ್ಲುವ ಜಾಗ. ಈಚೆಯಿಂದ ಕೂಗಿದರೆ ಅಂಗಡಿಯವನಿಗೆ ಕೇಳಿಸುತ್ತದೆ. ರಸ್ತೆಯಲ್ಲಿ ಹೋಗಬೇಕೆಂದರೆ ಮುಖ್ಯ ರಸ್ತೆಗೆ ಬಂದು, ಡಿವೈಡರ್ ಇರುವ ಕಾರಣ ಮುಂದಿನ ತಿರುವಿನವರೆಗೆ ಹೋಗಿ, ವಾಪಸ್ ಬಂದು ಒಳಗೆ ನುಗ್ಗಬೇಕು. ಒಂದೂವರೆ ಕಿಲೋಮೀಟರ್ ಆಗುತ್ತದೆ. ಅಲ್ಲಿ ಗೋಡೆಯ ಒಂದು ಕಡೆ ಎರಡು ಸೈಜ್ ಕಲ್ಲು ಇಟ್ಟಿದ್ದಾರೆ, ಮೇಲಿನ ಒಂದು ಸಾಲು ಕಲ್ಲು ಕಿತ್ತು ತಗ್ಗು ಮಾಡಿದ್ದಾರೆ. ಆ ಜಾಗದಲ್ಲಿ ಸಿಮೆಂಟು ಕೈ ತಾಗಿ ತಾಗಿ ನುಣುಪಾಗಿದೆ. ಮಕ್ಕಳು ಬ್ಯಾಗು ಮೊದಲು ಆಚೆ ಹಾಕಿ ಆಮೇಲೆ ಹಾರುತ್ತಾರೆ. ಸೀರೆ ಉಟ್ಟವರು, ವಯಸ್ಸಾದವರು ಹಾರುವಂತಿಲ್ಲ. ಅವರಿಗೆ ಅರ್ಧ ಲೀಟರ್ ಹಾಲಿಗೆ ಮಗನ ಬೈಕೇ ಗತಿ.

ಈ ಒಂದು ಬೈಕಿನ ಓಡಾಟವನ್ನು ಸಾವಿರ ಮನೆಗೆ ಗುಣಿಸಿ. ಎಲ್ಲವೂ ಬಂದು ಬೀಳುವುದು ಅದೇ ಸಾಗರ ರಸ್ತೆಗೆ, ಅದೇ ಸವಳಂಗ ರಸ್ತೆಗೆ. ಹಾಲು ತರುವವನೂ ಅಲ್ಲೇ, ಹೊನ್ನಾವರಕ್ಕೆ ಹೋಗುವ ಲಾರಿಯೂ ಅಲ್ಲೇ. ಆಮೇಲೆ ರಸ್ತೆ ಅಗಲ ಮಾಡಿ ಅನ್ನುತ್ತೇವೆ. ಮಾಡುತ್ತಾರೆ, ಇದ್ದಬದ್ದ ಮರ ಕಡಿದು. ಮೂರು ವರ್ಷಕ್ಕೆ ಮತ್ತೆ ತುಂಬುತ್ತದೆ. ಸಿಟಿ ಬಸ್ಸಿನವರೂ ಏನು ಮಾಡುತ್ತಾರೆ? ಒಳಗೆ ಹೋದರೆ ಅದೇ ದಾರಿಯಲ್ಲಿ ರಿವರ್ಸ್ ಬರಬೇಕು. ಹಾಗಾಗಿ ಮುಖ್ಯ ರಸ್ತೆಯಲ್ಲೇ ಇಳಿಸಿ ಹೋಗುತ್ತಾರೆ.

ಚೌಕದ ಬಡಾವಣೆಯಲ್ಲಿ ಎಷ್ಟೇ ಸುತ್ತಿದರೂ ನೇರ ದೂರದ 1.41 ಪಟ್ಟಿಗಿಂತ ಜಾಸ್ತಿ ಆಗುವುದಿಲ್ಲ. ಶಾಲೆಯಲ್ಲಿ ಕಲಿತ ಕರ್ಣದ ಲೆಕ್ಕವೇ. ಗೋಡೆಯ ಬಡಾವಣೆಯಲ್ಲಿ ಅದಕ್ಕೆ ಮಿತಿಯೇ ಇಲ್ಲ.

ಇಲ್ಲಿ ಒಬ್ಬರು ಎದ್ದು ಕೇಳಿದರು: 'ನೀವು ಪಟ್ಟಣದ ಲೆಕ್ಕ ಹೇಳುತ್ತೀರಿ. ನಮ್ಮ ತೀರ್ಥಹಳ್ಳಿ ಕಡೆ ಒಂದೊಂದು ಮನೆಗೂ ಒಂದೇ ದಾರಿ. ಅದೂ ತಪ್ಪಾ?'

ತಪ್ಪಲ್ಲ. ಪ್ರಶ್ನೆ ಕೇಳಿದ್ದು ಒಳ್ಳೆಯದಾಯಿತು. ಮಲೆನಾಡಿನಲ್ಲಿ ನೀರು ಇರುವ ಕಣಿವೆಯಲ್ಲಿ ತೋಟ, ತೋಟದ ತಲೆಯಲ್ಲಿ ಮನೆ, ಮೇಲೆ ಸೊಪ್ಪಿನ ಬೆಟ್ಟ. ಮನೆಗಳು ದೂರ ದೂರ ಇರುವುದಕ್ಕೆ ಕಾರಣ ಇದೆ. ಗುಡ್ಡದ ಮೇಲೆ ಚೌಕ ಎಳೆಯುತ್ತೇನೆ ಅಂದರೆ ಮೊದಲ ಮಳೆಗೇ ರಸ್ತೆ ತೋಟಕ್ಕೆ ಇಳಿಯುತ್ತದೆ. ಆದರೆ ಹಳೇ ಮಲೆನಾಡಿನಲ್ಲಿ ಗಾಡಿದಾರಿ ಒಂದೇ ಇದ್ದರೂ ಕಾಲುದಾರಿ ಎಷ್ಟಿದ್ದವು ನೆನಪು ಮಾಡಿಕೊಳ್ಳಿ. ಬೇಲಿ ಇದ್ದಲ್ಲೆಲ್ಲ ಅಡ್ಡಗೋಲು ಸರಿಸಿ ದಾಟುವ ಒಂದು ಉಣುಗೋಲು, ಇಲ್ಲವೇ ಹತ್ತಿ ದಾಟುವ ತಡಬೆ. ದನ ದಾಟಬಾರದು, ಮನುಷ್ಯ ದಾಟಬೇಕು. ಹಳ್ಳ ಅಡ್ಡ ಬಂದಲ್ಲಿ ಕಾಲುಸಂಕ, ಎರಡು ಅಡಿಕೆಮರದ ದಬ್ಬೆ ಹಾಕಿದರೆ ಮುಗಿಯಿತು. ಬೇಲಿ ಹಾಕುವಾಗಲೇ ದಾಟುವ ಜಾಗವನ್ನೂ ಮಾಡುತ್ತಿದ್ದರು. ಈಗ ಪ್ರತಿ ಮನೆಗೂ ಕಾಂಕ್ರೀಟ್ ರಸ್ತೆ ಬಂದಿದೆ, ಸಂತೋಷ. ಆದರೆ ಗುಡ್ಡದಾಚೆಯ ಮನೆಗೆ ಹೋಗುವ ಕಾಲುದಾರಿ ಲಂಟಾನದಲ್ಲಿ ಮುಚ್ಚಿಹೋಗಿದೆ. ಮೊದಲು ಎಲೆಅಡಿಕೆ ಹಾಕಿಕೊಂಡು ನಡೆದರೆ ಬಾಯಿ ಕೆಂಪಾಗುವುದರೊಳಗೆ ಸಿಗುತ್ತಿದ್ದ ಮನೆಗೆ ಈಗ ಕಾರಿನಲ್ಲಿ ಮುಖ್ಯ ರಸ್ತೆ ಸುತ್ತಿ ಹೋಗುತ್ತೇವೆ.

ಒಂದೇ ದಾರಿಯ ಕಷ್ಟ ನಮಗೆ ಗೊತ್ತಿಲ್ಲದ್ದೇನೂ ಅಲ್ಲ. ಮಳೆಗಾಲದಲ್ಲಿ ಆಗುಂಬೆ ಘಾಟಿಯಲ್ಲಿ ಭಾರಿ ವಾಹನ ಬಂದ್ ಮಾಡಿದಾಗ ಲಾರಿಗಳು ಹುಲಿಕಲ್ ಕಡೆ ಸುತ್ತಬೇಕು. ಇನ್ನು ತುಮರಿ, ಸಿಗಂದೂರಿನ ಕಡೆಯವರನ್ನು ಕೇಳಿ. ಲಿಂಗನಮಕ್ಕಿ ಅಣೆಕಟ್ಟು 1964ರಲ್ಲಿ ಆದ ಮೇಲೆ ಶರಾವತಿ ಹಿನ್ನೀರು ಅವರನ್ನು ಆಚೆ ದಡದಲ್ಲಿ ಬಿಟ್ಟಿತು. ಲಾಂಚಿನ ಹೊತ್ತು ಮುಗಿದರೆ ಆಸ್ಪತ್ರೆಗೂ ಕಾಡು ಸುತ್ತಿಯೇ ಬರಬೇಕಿತ್ತು. ಅಂಬಾರಗೊಡ್ಲು-ಕಳಸವಳ್ಳಿ ಸೇತುವೆ ತೆರೆದದ್ದು 2025ರ ಜುಲೈಯಲ್ಲಿ. ಅರವತ್ತು ವರ್ಷ ಆಯಿತು. ಸುಮಾರು 2.4 ಕಿಲೋಮೀಟರ್ ಉದ್ದದ ಒಂದೇ ಒಂದು ಜೋಡಣೆ.

ಹಾಗಾದರೆ ಬಡಾವಣೆಯೊಳಗೆ ಎಲ್ಲ ಗಾಡಿ ನುಗ್ಗಲಿ ಅಂತೀರಾ, ಮಕ್ಕಳು ಎಲ್ಲಿ ಆಡಬೇಕು, ಕಳ್ಳರು ಬಂದರೆ ಅನ್ನುತ್ತೀರಿ. ಈ ಭಯ ಸುಳ್ಳಲ್ಲ. ಮನೆ ಮುಂದೆ ಟಿಪ್ಪರ್ ಓಡಾಡುವುದು ನನಗೂ ಬೇಡ. ನಾನು ಹೇಳುತ್ತಿರುವುದು ಉಣುಗೋಲಿನ ಲೆಕ್ಕ. ಕಾರಿಗೆ ಅಡ್ಡ ಹಾಕಿ, ಕಾಲಿಗೆ, ಸೈಕಲ್ಲಿಗೆ ಬಿಡಿ. ನೆದರ್‌ಲ್ಯಾಂಡ್ಸ್‌ನಲ್ಲಿ ಹೌಟೆನ್ ಅಂತ ಒಂದು ಊರನ್ನು ಹೀಗೇ ಕಟ್ಟಿದ್ದಾರೆ. ಒಂದು ಭಾಗದಿಂದ ಇನ್ನೊಂದಕ್ಕೆ ಕಾರಿನಲ್ಲಿ ಹೋಗಬೇಕೆಂದರೆ ಊರಾಚೆಯ ರಿಂಗ್ ರೋಡಿಗೆ ಬಂದು ಸುತ್ತಬೇಕು, ಸೈಕಲ್ಲಿನವರು ಮಾತ್ರ ಊರ ನಡುವೆ ನೇರ ಹೋಗುತ್ತಾರೆ. ನಮ್ಮ ಬಡಾವಣೆಗಳಿಗೆ ಆರಡಿ ಸಂದು, ಮಧ್ಯೆ ಒಂದು ಕಲ್ಲುಕಂಬ, ಮೇಲೆ ಒಂದು ಲೈಟು ಸಾಕು. ಸೈಟು ಹೋಗುವುದೂ ಇಲ್ಲ.

ಸರ್ಕಾರಗಳೂ ಇದನ್ನು ಪ್ರಯತ್ನಿಸಿವೆ. ಅಮೆರಿಕದ ವರ್ಜೀನಿಯಾ ರಾಜ್ಯ 2009ರಲ್ಲಿ, ಪಕ್ಕದ ಬಡಾವಣೆಗೆ ಜೋಡಣೆ ಕೊಡದ ಹೊಸ ಲೇಔಟಿನ ರಸ್ತೆಗಳ ನಿರ್ವಹಣೆ ನಮ್ಮ ಜವಾಬ್ದಾರಿ ಅಲ್ಲ ಅಂದಿತು. ಆಮೇಲೆ ಒತ್ತಡ ಬಂದು ಸ್ವಲ್ಪ ಸಡಿಲಿಸಿತು, ಅದು ಬೇರೆ ಮಾತು. ಚೀನಾ 2016ರಲ್ಲಿ ಹೊಸ ಗೇಟೆಡ್ ಬಡಾವಣೆ ಬೇಡ, ಇರುವವನ್ನೂ ನಿಧಾನಕ್ಕೆ ತೆರೆಯಿರಿ ಅಂದಿತು, ಅಲ್ಲೂ ಜನ ಸಿಟ್ಟಾದರು. ನನಗೆ ಇವೆರಡಕ್ಕಿಂತ ಗುಜರಾತಿನ ಟಿ.ಪಿ. (ಟೌನ್ ಪ್ಲಾನಿಂಗ್) ಸ್ಕೀಮ್ ಇಷ್ಟ. ಮುಂಬೈ ಪ್ರಾಂತ್ಯದ 1915ರ ಕಾಯ್ದೆಯಿಂದ ಬಂದದ್ದು ಅದು. ಅಕ್ಕಪಕ್ಕದ ಹಲವರ ಜಮೀನನ್ನು ಒಟ್ಟಿಗೆ ಸೇರಿಸಿ, ಮೊದಲು ರಸ್ತೆ, ಪಾರ್ಕು ಗುರುತು ಮಾಡಿ, ಉಳಿದದ್ದನ್ನು ಪಾಲಿಗೆ ತಕ್ಕಂತೆ ಅವರವರಿಗೆ ವಾಪಸ್ ಕೊಡುತ್ತಾರೆ. ಅಹಮದಾಬಾದಿನ ರಿಂಗ್ ರೋಡಿಗೆ ಬೇಕಾದ ಜಾಗದ ದೊಡ್ಡ ಭಾಗ ಸಿಕ್ಕಿದ್ದು ಹೀಗೇ. ಎಲ್ಲರೂ ಸ್ವಲ್ಪ ಸ್ವಲ್ಪ ಕಳೆದುಕೊಳ್ಳುತ್ತಾರೆ. ರಸ್ತೆ ತುದಿಯ ಸೈಟಿನ ಜಗಳವೇ ಹುಟ್ಟುವುದಿಲ್ಲ.

ಇಷ್ಟೆಲ್ಲ ಯಾಕೆ ತಲೆ ಕೆಡಿಸಿಕೊಳ್ಳಬೇಕು, ಮುಂದೆ ಸರಿ ಮಾಡಿದರಾಯಿತು ಅನ್ನುವವರಿಗೆ ಲಂಡನ್ನಿನ ಕಥೆ. 1666ರಲ್ಲಿ ಬೆಂಕಿ ಬಿದ್ದು ಹಳೇ ಊರಿನ ಬಹುಭಾಗ ಬೂದಿಯಾಯಿತು. ವಾಸ್ತುಶಿಲ್ಪಿ ಕ್ರಿಸ್ಟೋಫರ್ ರೆನ್ ಕೆಲವೇ ದಿನಗಳಲ್ಲಿ ಅಗಲ ರಸ್ತೆಗಳ ಹೊಸ ನಕ್ಷೆ ಮಾಡಿ ರಾಜನಿಗೆ ಕೊಟ್ಟ. ಜನ ಏನು ಮಾಡಿದರು? ತಮ್ಮ ತಮ್ಮ ಜಾಗದಲ್ಲೇ ಮತ್ತೆ ಮನೆ ಕಟ್ಟಿಕೊಂಡರು. ಕೆಲವು ರಸ್ತೆ ಅಗಲವಾದವು ಬಿಟ್ಟರೆ ಹೆಚ್ಚುಕಡಿಮೆ ಹಳೇ ಗಲ್ಲಿಗಳೇ ಉಳಿದವು. ಮನೆ ಸುಟ್ಟರೂ ಖಾತೆ ಸುಡುವುದಿಲ್ಲ. ನಮ್ಮಲ್ಲಿ ಮನೆಯನ್ನು ನಲವತ್ತು ವರ್ಷಕ್ಕೆ ಕೆಡವಿ ಕಟ್ಟುತ್ತೇವೆ, ಅದರ ಮುಂದಿನ ರಸ್ತೆಯ ಗೆರೆಯನ್ನು ಯಾರೂ ಅಳಿಸುವುದಿಲ್ಲ.

ಕೊನೆಗೆ ಬಂದ ಪ್ರಶ್ನೆ: ಈಗಾಗಲೇ ಗೋಡೆ ಎದ್ದಿದೆ, ಸೈಟೆಲ್ಲ ಮಾರಿ ಆಗಿದೆ, ಏನು ಮಾಡೋದು?

ಮೊದಲು ಗ್ರಾಮ ನಕ್ಷೆ ತೆಗೆಸಿ. ಭೂಮಾಪನ ಇಲಾಖೆಯ ಜಾಲತಾಣದಲ್ಲೇ ಸಿಗುತ್ತದೆ. ಫೋನಿನಲ್ಲಿ ದಿಶಾಂಕ್ ಆ್ಯಪ್ ಹಾಕಿಕೊಂಡರೆ ನೀವು ನಿಂತ ಜಾಗದ ಸರ್ವೆ ನಂಬರ್ ತೋರಿಸುತ್ತದೆ. ಗ್ರಾಮ ನಕ್ಷೆಯಲ್ಲಿ ಬಂಡಿದಾರಿ, ಕಾಲುದಾರಿಗಳನ್ನು ಚುಕ್ಕಿ ಗೆರೆಯಲ್ಲಿ ಗುರುತು ಮಾಡಿರುತ್ತಾರೆ. ಹಳ್ಳಿಯಿಂದ ಕೆರೆಗೆ, ಗೋಮಾಳಕ್ಕೆ, ದೇವಸ್ಥಾನಕ್ಕೆ ಜನ ಓಡಾಡಿದ ದಾರಿ ಅವು. ದಾಖಲೆಯಲ್ಲಿ ಅದು ಬಿ ಖರಾಬು ಆಗಿದ್ದರೆ ಸಾರ್ವಜನಿಕರದ್ದು, ಖಾಸಗಿಯವರು ಮಾರುವಂತಿಲ್ಲ. ನಿಮ್ಮ ಗೋಡೆ ಇರುವ ಜಾಗದಲ್ಲಿ ಅಂಥ ಒಂದು ಗೆರೆ ಹಾದುಹೋಗಿದೆಯಾ ನೋಡಿ. ಹೋಗಿದ್ದರೆ ತಹಶೀಲ್ದಾರರಿಗೆ ಅರ್ಜಿ ಕೊಟ್ಟು ಅಳತೆ ಮಾಡಿಸಬಹುದು, ಯಾರ ಹತ್ತಿರವೂ ಬೇಡಿಕೊಳ್ಳುವ ಪ್ರಶ್ನೆ ಇಲ್ಲ. ಹೋಗದಿದ್ದರೆ ಪಾರ್ಕ್ ಮತ್ತು ಸಿ.ಎ. ಸೈಟ್ (ನಾಗರಿಕ ಸೌಲಭ್ಯಕ್ಕೆ ಬಿಟ್ಟ ಜಾಗ) ಎಲ್ಲಿದೆ ನೋಡಿ. ಬಹಳ ಲೇಔಟುಗಳಲ್ಲಿ ಅವನ್ನು ಮೂಲೆಗೆ, ಗಡಿಗೆ ತಳ್ಳಿರುತ್ತೇವೆ, ಮಾರೋಕೆ ಆಗದ ಜಾಗ ಅಂತ. ಎರಡು ಬಡಾವಣೆಯ ಪಾರ್ಕುಗಳು ಬೆನ್ನಿಗೆ ಬೆನ್ನು ಕೊಟ್ಟು ಕೂತಿದ್ದರೆ ಮಧ್ಯದ ಗೋಡೆಯಲ್ಲಿ ಒಂದು ಗೇಟು ಇಡೋಕೆ ಯಾರ ಸೈಟೂ ಹೋಗುವುದಿಲ್ಲ. ಎರಡೂ ಕಡೆಯ ನಿವಾಸಿಗಳ ಸಂಘದವರು ಒಂದು ಕಡೆ ಕೂತು ಚಹಾ ಕುಡಿದರೆ ಆಗುವ ಕೆಲಸ. ಆದರೆ ಅವರು ಒಬ್ಬರಿಗೊಬ್ಬರು ಪರಿಚಯ ಇರುವುದಿಲ್ಲ, ಯಾಕೆ ಅಂತ ಕೇಳಬೇಡಿ.

ಹೊಸ ಸೈಟು ಕೊಳ್ಳುವವರು ಮಾರುವವರ ಬಣ್ಣದ ಬ್ರೋಷರ್ ಪಕ್ಕಕ್ಕಿಟ್ಟು ಅನುಮೋದಿತ ನಕ್ಷೆಯ ಪ್ರತಿ ಕೇಳಿ. ರಸ್ತೆ ಗಡಿಯವರೆಗೆ ಹೋಗಿದೆಯಾ, ತುದಿಯ ಜಾಗ ಯಾರ ಹೆಸರಿನಲ್ಲಿದೆ, ಪಾಲಿಕೆಗೆ ಅಥವಾ ನಗರಾಭಿವೃದ್ಧಿ ಪ್ರಾಧಿಕಾರಕ್ಕೆ ಬಿಟ್ಟುಕೊಟ್ಟಿದ್ದಾರಾ, ಇಷ್ಟು ನೋಡಿ. ಇನ್ನು ರಿಂಗ್ ರೋಡ್ ಬಂದರೆ ಎಲ್ಲ ಸರಿ ಹೋಗುತ್ತದೆ ಅಂತ ಹಿಂದಿನ ಸಾಲಿನಿಂದ ಒಬ್ಬರು ಅಂದರು. ಲಾರಿಗಳು ಊರಾಚೆ ಹೋಗುತ್ತವೆ, ಅಷ್ಟು ಮಟ್ಟಿಗೆ ಒಳ್ಳೆಯದೇ. ಆದರೆ ರಿಂಗ್ ರೋಡಿನ ಎರಡೂ ಪಕ್ಕ ಈಗಲೇ ಸೈಟಿನ ಕಲ್ಲು ನೆಟ್ಟಾಗಿದೆ, ಮತ್ತು ನಾನು ನೋಡಿದ ನಕ್ಷೆಗಳಲ್ಲಿ ಒಂದೊಂದಕ್ಕೂ ಇರುವುದು ಒಂದೇ ಗೇಟು.